ಏಳು ಹತ್ತರ ಗುಂಯ್‌ಕಾರ

ದೊಡ್ಡ ಸದ್ದು ಮಾಡುವ ಯಂತ್ರ ಕಟ್ಟಿದವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಗಣಪತಿಯ ದಿನಗಳಲ್ಲಿ ಡೊಂಬಿವ್ಲಿಯ ಯಾವ ಮೂಲೆಯಲ್ಲಿ ನಿಂತರೂ ಅವರ ಪರಿಚಯವಾಗುತ್ತದೆ. ಸದ್ದೇ ಮಾಡದ ಯಂತ್ರಕ್ಕಾಗಿ ಮೂರು ವರ್ಷ ಬೆವರು ಸುರಿಸಿದವರು, ನಾನು ಬಲ್ಲಂತೆ, ನಮ್ಮ ಪುಂಡರೀಕಾಕ್ಷ ರಾಯರೊಬ್ಬರೇ. ಅವರ ನೆರೆಯವನಾಗಿರುವುದು ನನಗೆ ಹೆಮ್ಮೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ ನೀವು ಅವರನ್ನು ಬೇರೆ ರೀತಿ ತಿಳಿದುಕೊಳ್ಳುವ ಸಂಭವ ಉಂಟು.

ರಾಯರು ಉಡುಪಿ ಕಡೆಯವರು. ಇಪ್ಪತ್ತೆಂಟು ವರ್ಷಗಳಿಂದ ರಬಾಳೆಯ ಒಂದು ಕಾರ್ಖಾನೆಯಲ್ಲಿ ಟ್ರಾನ್ಸ್‌ಫಾರ್ಮರ್‌ಗಳಿಗೆ ತಾಮ್ರದ ತಂತಿ ಸುತ್ತಿಸುವ ಕೆಲಸ. ಅವರ ಕೈಯಿಂದ ಹೋದ ಒಂದೇ ಒಂದು ಟ್ರಾನ್ಸ್‌ಫಾರ್ಮರ್ ಪರೀಕ್ಷೆಯ ಮೇಜಿನಿಂದ ತಿರುಗಿ ಬಂದದ್ದಿಲ್ಲ ಎಂದು ಅವರೇ ಹೇಳುತ್ತಾರೆ. ನಾವು ನಂಬುತ್ತೇವೆ, ಯಾಕೆಂದರೆ ನಂಬದಿದ್ದರೆ ಅವರು ಇನ್ನೊಮ್ಮೆ ಹೇಳುತ್ತಾರೆ.

ಈ ರಾಯರು ತಮ್ಮ ಮನೆಯ ಹಾಲ್‌ನಲ್ಲಿ ಒಂದು ಆಂಪ್ಲಿಫೈಯರ್ ಕಟ್ಟಿದರು. ತೂಕ ಮೂವತ್ತೆಂಟು ಕಿಲೋ. ಒಳಗೆ ಉದ್ದಿನ ವಡೆಯ ಆಕಾರದ ಟ್ರಾನ್ಸ್‌ಫಾರ್ಮರ್, ಅದೊಂದೇ ಹದಿನಾಲ್ಕು ಕಿಲೋ. ಧಣಿಯ ಅಪ್ಪಣೆ ಪಡೆದು ತಾವೇ ಕೂತು ಸುತ್ತಿದ್ದು. ಅದನ್ನು ಬೈರಾಸು ಟವಲಿನಲ್ಲಿ ಕಟ್ಟಿ ಮಗುವಿನಂತೆ ಎತ್ತಿಕೊಂಡು ಲೋಕಲ್ ರೈಲಿನಲ್ಲಿ ತಂದ ದಿನ ಒಬ್ಬ ಪ್ರಯಾಣಿಕ ಎದ್ದು ಜಾಗ ಬಿಟ್ಟನಂತೆ. ಪೆಟ್ಟಿಗೆಯ ಎರಡು ಬದಿಗೂ ಅಲ್ಯೂಮಿನಿಯಮ್ಮಿನ ಕಪ್ಪು ರೆಕ್ಕೆಗಳ ಸಾಲು. ಇಷ್ಟೆಲ್ಲ ಇದ್ದೂ ಅದರ ಶಕ್ತಿ ಇಪ್ಪತ್ತೈದು ವಾಟ್.

“ಇಪ್ಪತ್ತೈದಾ?” ಎಂದು ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿ ಶಂಕ್ರೆಪ್ಪನವರು ನಕ್ಕಿದ್ದರು. ಅವರು ವಿಜಯಪುರದ ಕಡೆಯವರು, ರೈಲ್ವೆಯಿಂದ ನಿವೃತ್ತರು. “ನಮ್ಮ ಮೊಮ್ಮಗನ ಸ್ಪೀಕರ್ ಸಾಬೂನಿನಷ್ಟ ಐತ್ರಿ, ಡಬ್ಬಿ ಮ್ಯಾಲ ಸಾವಿರ ವಾಟ್ ಅಂತ ಬರದಾರ.”

“ಬರೆಯಲಿಕ್ಕೆ ಶಾಯಿ ಸಾಕು, ಕೊಡ್ಲಿಕ್ಕೆ ತಾಮ್ರ ಬೇಕು,” ಎಂದರು ರಾಯರು.

ಆಮೇಲೆ ವಿವರಿಸಿದರು. ಸಾಧಾರಣ ಆಂಪ್ಲಿಫೈಯರಿನಲ್ಲಿ ಎರಡು ಟ್ರಾನ್ಸಿಸ್ಟರ್‌ಗಳು ಪಾಳಿಯ ಮೇಲೆ ದುಡಿಯುತ್ತವೆ. ಒಂದು ಎದ್ದಾಗ ಇನ್ನೊಂದು ಮಲಗುತ್ತದೆ. ಹೋಟೆಲಿನಲ್ಲಿ ಪಾಳಿ ಬದಲಾಗುವಾಗ ಗಿರಾಕಿಯ ಕಾಫಿ ತಡವಾಗುವುದಿಲ್ಲವೇ, ಹಾಗೆ ಇಲ್ಲಿ ಸ್ವರ ಸಣ್ಣಗೆ ಎಡವುತ್ತದೆ. ರಾಯರ ಯಂತ್ರದಲ್ಲಿ ಎರಡೂ ಮಲಗುವುದೇ ಇಲ್ಲ. ಹಾಡಲಿ, ಹಾಡದಿರಲಿ, ಪೂರ್ತಿ ಕರೆಂಟು ಹರಿಯುತ್ತಲೇ ಇರುತ್ತದೆ, ಅದಕ್ಕೇ ರೆಕ್ಕೆಗಳು ಸದಾ ಬಿಸಿ.

“ಸುಮ್ಮನೆ ಕೂತಾಗಲೂ ಕರೆಂಟ್ ತಿನ್ತದೆ,” ಎಂದು ರಾಯರ ಹೆಂಡತಿ ಮುಕ್ತಕ್ಕ ಸಾರಾಂಶ ಹೇಳಿದರು. “ಮನೆಯಲ್ಲಿ ಅಂಥವರು ಒಬ್ಬರಿದ್ದದ್ದು ಈಗ ಇಬ್ಬರಾದರು.”

ಹೆತ್ತವರಿಗೆ ಹೆಗ್ಗಣ ಮುದ್ದು. ಆದರೆ ರಾಯರಿಗೆ ತಮ್ಮ ಮುದ್ದಿಗೆ ಇನ್ನೊಬ್ಬರ ಮುದ್ರೆಯೂ ಬೇಕಿತ್ತು. ಠಾಣೆಯ ನೌಪಾಡಾದಲ್ಲಿ ಮೂವರು ಮರಾಠಿ ಹಿರಿಯರ ಒಂದು ಶ್ರವಣ ಮಂಡಳಿ ಉಂಟು. ವಿದೇಶದ ದುಬಾರಿ ಆಂಪ್ಲಿಫೈಯರ್‌ಗಳನ್ನು ಕೇಳಿ ತೀರ್ಪು ಕೊಡುವುದು ಅವರ ಕಸುಬು. ಮುಖ್ಯಸ್ಥರು ಲಿಮಯೆ. ರಾಯರು ಫೋನ್ ಮಾಡಿದಾಗ ಲಿಮಯೆಯವರು “ಘರೀ ಬನವಲಾಯ್? ಮಗ ಹಮ್ ಅಸಣಾರಚ್” ಎಂದರಂತೆ. ಮನೆಯಲ್ಲಿ ಮಾಡಿದ್ದಾದರೆ ಗುಂಯ್‌ಗುಡದೆ ಇರುವುದಿಲ್ಲ ಎಂದು ಅದರ ಅರ್ಥ. ಆ ಮಾತು ರಾಯರ ಎದೆಗೆ ಮುಳ್ಳಿನ ಹಾಗೆ ಹೊಕ್ಕಿತು. “ಬನ್ನಿ, ಕಿವಿಯಿಟ್ಟು ನೋಡಿ” ಎಂದುಬಿಟ್ಟರು. ಬರುವ ಭಾನುವಾರ ಬೆಳಿಗ್ಗೆ, ರಸ್ತೆಯ ಗದ್ದಲ ಏಳುವ ಮೊದಲು, ಆರೂವರೆಗೆ ಎಂದು ಗೊತ್ತಾಯಿತು. ಮಂಡಳಿಯವರ ಕ್ರಮವೇನೆಂದರೆ ಮೊದಲು ಹಾಡು ಹಾಕುವುದಿಲ್ಲ. ಏನನ್ನೂ ಹಾಕದೆ, ಬರಿಯ ಯಂತ್ರಕ್ಕೆ ಕಿವಿ ಕೊಟ್ಟು ಕೇಳುತ್ತಾರೆ. ಅದರಲ್ಲಿ ಪಾಸಾದರೆ ಮಾತ್ರ ಚೀಲದಿಂದ ಡಿಸ್ಕು ಹೊರಬರುತ್ತದೆ.

ಸೋಮವಾರ ಬೆಳಿಗ್ಗೆ ರಾಯರು ನನ್ನನ್ನು ಕರೆದರು. ನಾನು ಅವರ ಕೆಳಗಿನ ಮಹಡಿಯವನು. “ಮುರಾರಿ, ಒಮ್ಮೆ ಬಾ,” ಎಂದ ಅವರ ಮುಖ ಬಿಳಿಚಿತ್ತು. ಗಡಿಯಾರ ಏಳು ಹತ್ತು ತೋರಿಸುತ್ತಿತ್ತು. ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು.

ಸ್ಪೀಕರಿನಲ್ಲಿ ಏನೂ ಇಲ್ಲ, ಪೆಟ್ಟಿಗೆಯೇ ನಡುಗುತ್ತಿದೆ. ಹನ್ನೆರಡು ನಿಮಿಷ ಹಾಗೆ ಗುಂಯ್‌ಗುಟ್ಟಿ ಒಮ್ಮೆಲೇ ನಿಂತಿತು. ರಾಯರು ಹಿಂದಿನ ಹದಿನೈದು ದಿನ ಬರೆದಿಟ್ಟ ಪುಸ್ತಕ ತೋರಿಸಿದರು. ದಿನಾ ಅದೇ ಹೊತ್ತು, ಅದೇ ಹನ್ನೆರಡು ನಿಮಿಷ. ಬಿಸಿಲು ಬಿದ್ದ ಎರಡು ದಿನ ಮಾತ್ರ ಇಲ್ಲ.

“ಇದು ನನ್ನ ಯಂತ್ರದ ದೋಷ ಅಲ್ಲ,” ಎಂದರು. “ಕರೆಂಟು ಅಂದರೆ ಒಮ್ಮೆ ಆಚೆ ಹೋಗ್ತದೆ, ಒಮ್ಮೆ ಈಚೆ ಬರ್ತದೆ. ಈ ಕಟ್ಟಡದಲ್ಲಿ ಯಾರೋ ಹೋಗುವಾಗಿನದ್ದು ಮಾತ್ರ ತಿಂದು ಬರುವಾಗಿನದ್ದು ಬಿಡ್ತಾ ಇದ್ದಾರೆ. ಬಾಳೆಲೆಯ ಒಂದೇ ಬದಿ ಉಂಡು ಏಳುವ ಹಾಗೆ. ಬೇರೆ ಟ್ರಾನ್ಸ್‌ಫಾರ್ಮರ್‌ಗೆ ಅದು ಗೊತ್ತಾಗುದಿಲ್ಲ. ನನ್ನದರ ಉಂಗುರಕ್ಕೆ ಎಲ್ಲಿಯೂ ಸಂದು ಇಲ್ಲ ನೋಡು, ಅದಕ್ಕೆ ತಡೆಯುದಿಲ್ಲ.”

“ಹಾಗೆ ಅರ್ಧ ತಿನ್ನುವುದು ಯಾವುದು?”

“ಹೇರ್ ಡ್ರೈಯರ್. ಕೆಲವು ಅಗ್ಗದ ಡ್ರೈಯರ್ ಅರ್ಧ ಬಿಸಿಯಲ್ಲಿ ಇಟ್ಟರೆ ಹೀಗೆ ಮಾಡ್ತದೆ.”

ಆ ಗುಂಯ್‌ಗೆ ಅಡ್ಡ ಹಾಕಲು ಏನೋ ಸಣ್ಣ ಉಪಾಯವೂ ಇತ್ತಂತೆ, ಪೆಟ್ಟಿಗೆಯ ಮುಂದೆ ಕೂರಿಸುವಂಥದ್ದು. ರಾಯರು ಒಪ್ಪಲಿಲ್ಲ. ರೋಗ ಪಕ್ಕದ ಮನೆಯವನಿಗಾದರೆ ನನ್ನ ಮಗನಿಗೆ ಔಷಧ ಯಾಕೆ ಎಂದು ಕೇಳಿದರು. ಆ ಡ್ರೈಯರ್ ಹುಡುಕುವುದೇ ಸರಿ, ಒಂದು ದಿನದ ಮಟ್ಟಿಗೆ ನಿಲ್ಲಿಸಲು ಕೇಳಿಕೊಂಡರಾಯಿತು ಎಂದು ಮಂಗಳವಾರ ಪುಸ್ತಕ, ಪೆನ್ನು ಹಿಡಿದು ಹೊರಟರು.

ಮೊದಲ ಮನೆ ನಾಲ್ಕನೆಯ ಮಹಡಿಯ ಉಮಾವತಿಯವರದು. ಗಂಡನಿಗೆ ಕಲ್ಯಾಣದಲ್ಲಿ ಸಸ್ಯಾಹಾರಿ ಹೋಟೆಲು, ಮಗಳು ಅನುಷ್ಕಾಗೆ ವಾಶಿಯಲ್ಲಿ ಕೆಲಸ. ರಾಯರು ಕುರ್ಚಿಯ ತುದಿಯಲ್ಲಿ ಕುಳಿತು, ಕೊಟ್ಟ ಕಾಫಿ ಕುಡಿದು, ಗಂಟಲು ಸರಿಮಾಡಿಕೊಂಡು ಕೇಳಿದರು:

“ನಿಮ್ಮ ಮಗಳು ಬೆಳಿಗ್ಗೆ ಕೂದಲು ಎಷ್ಟು ಹೊತ್ತಿಗೆ ಒಣಗಿಸುದು?”

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಯಾರೂ ಮದುವೆಗೆ ಹೆಣ್ಣನ್ನು ನೇರವಾಗಿ ಕೇಳುವುದಿಲ್ಲ. ಹವೆಯ ಮಾತು, ಹಲಸಿನ ಹಪ್ಪಳದ ಮಾತು, ಊರಿನ ಬಸ್ಸಿನ ಮಾತು ಎಲ್ಲ ಸುತ್ತಿ, ಕೊನೆಗೆ ಯಾವುದೋ ಸಂಬಂಧವಿಲ್ಲದ ಪ್ರಶ್ನೆ ಹಾಕಿ ಎದ್ದುಹೋಗುತ್ತೇವೆ. ಬುದ್ಧಿ ಇದ್ದವರು ಅರ್ಥ ಮಾಡಿಕೊಳ್ಳುತ್ತಾರೆ. ಉಮಾವತಿಯವರಿಗೆ ಬುದ್ಧಿ ಸ್ವಲ್ಪ ಹೆಚ್ಚೇ ಇತ್ತು. ರಾಯರ ತಂಗಿಯ ಮಗ ಸಂದೇಶ ಐರೋಲಿಯಲ್ಲಿ ಒಳ್ಳೆಯ ನೌಕರಿಯಲ್ಲಿರುವುದು, ಇಪ್ಪತ್ತೊಂಬತ್ತಾದರೂ ಮದುವೆಯಾಗದಿರುವುದು ಅವರಿಗೆ ತಿಳಿದಿತ್ತು.

“ಆರಕ್ಕೇ ಏಳ್ತಾಳೆ,” ಎಂದರು. ಅನುಷ್ಕಾ ಒಂಬತ್ತಕ್ಕೆ ಮೊದಲು ಎದ್ದದ್ದನ್ನು ಕಟ್ಟಡದಲ್ಲಿ ಕಂಡವರಿಲ್ಲ. “ಸ್ನಾನ, ದೇವರಿಗೆ ದೀಪ, ಆಮೇಲೆ ಕೂದಲು. ಸೊಂಟದ ತನಕ ಉಂಟು ನೋಡಿ.”

“ಉದ್ದ ಬೇಡ, ಹೊತ್ತು ಹೇಳಿ. ಏಳು ಹತ್ತು ಆಗ್ತದಾ?”

“ನಿಮಗೆ ಏಳು ಹತ್ತು ಬೇಕಾದರೆ ಏಳು ಹತ್ತೇ.”

“ಅರ್ಧ ಬಿಸಿಯಾ, ಪೂರ್ತಿಯಾ?”

ವರನ ಕಡೆಯವರು ಹುಡುಗಿಯ ಸ್ವಭಾವವನ್ನು ಇಷ್ಟು ಸೂಕ್ಷ್ಮವಾಗಿ ಕೇಳಿದ್ದನ್ನು ಉಮಾವತಿಯವರು ಕಂಡಿರಲಿಲ್ಲ. “ಬಿಸಿ ಏನೂ ಇಲ್ಲ. ಬಹಳ ತಣ್ಣಗಿನ ಹುಡುಗಿ,” ಎಂದರು.

ರಾಯರು ಅದನ್ನೂ ಬರೆದುಕೊಂಡರು.

ಸಂಜೆಯ ಹೊತ್ತಿಗೆ ಸುದ್ದಿ ಮೆಟ್ಟಿಲಿಳಿದು ಗೇಟಿನವರೆಗೆ ಹೋಗಿತ್ತು. ಮುಂದಿನ ಮನೆಗಳಲ್ಲಿ ರಾಯರು ಬಾಗಿಲು ತಟ್ಟುವ ಮೊದಲೇ ಕಾಫಿ ಸಿದ್ಧವಾಗಿರುತ್ತಿತ್ತು. ಎಲ್ಲ ಮನೆಯ ಹುಡುಗಿಯರೂ ಆರಕ್ಕೇ ಏಳುವವರು, ಎಲ್ಲರ ಕೂದಲೂ ಸೊಂಟದ ಕೆಳಗೆ, ಮತ್ತು ಎಲ್ಲರೂ ಬರಿಯ ಗಾಳಿಗೇ ಒಣಗಿಸುವವರು. ಹನ್ನೊಂದು ಮನೆ ತಿರುಗಿ ಬಂದ ರಾಯರು ತಲೆಗೆ ಕೈ ಹೊತ್ತರು. ಇಡೀ ಕಟ್ಟಡದಲ್ಲಿ ಹೇರ್ ಡ್ರೈಯರೇ ಇಲ್ಲವೆಂದು ಪುಸ್ತಕ ಹೇಳುತ್ತಿತ್ತು.

ಹನ್ನೆರಡನೆಯ ಮನೆ ರಾಯರ ಗೋಡೆಗೆ ಅಂಟಿದ ನಾಗವೇಣಿ ಅಮ್ಮನದು. ಎಪ್ಪತ್ತನಾಲ್ಕು ವರ್ಷ, ಇಡೀ ಡೊಂಬಿವ್ಲಿಯಲ್ಲಿ ಮಡಿಗೆ ಹೆಸರಾದವರು. ಮಡಿ ಸೀರೆ ಒದ್ದೆಯಾಗಿ ಹಿಂಡಿ, ಮೇಲಿನ ಗಳಕ್ಕೆ ಕೋಲಿನಿಂದಲೇ ಹಾಕಿ, ಯಾರೂ ಮುಟ್ಟದೆ ಒಣಗಿದ ಮೇಲೆ ಉಟ್ಟು ಪೂಜೆ. ಪೂಜೆ ಆಗದೆ ಬಾಯಿಗೆ ನೀರಿಲ್ಲ. ಜುಲೈ ತಿಂಗಳ ಮಳೆಯಲ್ಲಿ ಬೇರೆಯವರ ಕರವಸ್ತ್ರ ಒಣಗದಿದ್ದರೂ ಅವರ ಮಡಿ ಸೀರೆ ಎಂಟರೊಳಗೆ ಗರಿಗರಿ. “ಆಚಾರ ಇದ್ದಲ್ಲಿ ಗಾಳಿ ತಾನಾಗಿ ಬರ್ತದೆ,” ಎಂದು ಅವರು ಉಳಿದ ಹೆಂಗಸರಿಗೆ ಬುದ್ಧಿ ಹೇಳುತ್ತಿದ್ದರು.

ಅವರಲ್ಲಿ ಹೆಣ್ಣುಮಕ್ಕಳೂ ಇಲ್ಲ, ಹೆಚ್ಚು ಕೂದಲೂ ಇಲ್ಲ. ಆದರೂ ರಾಯರು ಕೇಳಿದರು.

“ಡ್ರೈಯರಾ? ನಮ್ಮಲ್ಲಿ ಅಂಥ ಅನಾಚಾರ ಇಲ್ಲ,” ಎಂದು ಅವರು ಬಾಗಿಲು ಹಾಕಿಕೊಂಡರು.

ಬುಧವಾರ ರಾಯರ ಮನೆಗೆ ನಾಲ್ಕು ಜಾತಕ ಬಂದವು. ಉಮಾವತಿಯವರ ಜಾತಕದ ಜೊತೆ ಒಂದು ಡಬ್ಬಿ ಕಾಶಿಹಲ್ವವೂ ಇತ್ತು. ಮುಕ್ತಕ್ಕ ಮೊದಲು ಬೆರಗಾದರು, ಹಲ್ವ ತಿಂದಾದ ಮೇಲೆ ಮೆತ್ತಗಾದರು. “ನಿಮಗೆ ಸಂದೇಶನ ಮೇಲೆ ಇಷ್ಟು ಕಾಳಜಿ ಉಂಟು ಅಂತ ನನಗೆ ಗೊತ್ತೇ ಇರಲಿಲ್ಲ,” ಎಂದು ಗಂಡನನ್ನು ಹೊಗಳಿದರು. ರಾಯರಿಗೆ ತಲೆಬುಡ ಅರ್ಥವಾಗಲಿಲ್ಲ. ಹೊಗಳಿಕೆ ಅಪರೂಪವಾದ್ದರಿಂದ ಸುಮ್ಮನೆ ತೆಗೆದುಕೊಂಡರು.

ಗುರುವಾರ ಶಂಕ್ರೆಪ್ಪನವರು ಸೊಸೈಟಿಯ ಶಿಕ್ಕಾ ಒತ್ತಿದ ಎಚ್ಚರಿಕೆಯ ಕಾಗದ ಹಿಡಿದು ಬಂದರು.

“ಏನ್ರೀ ರಾಯ್ರ, ಮಂದಿ ಮನಿ ಹೆಣ್ಣುಮಕ್ಕಳ ಕೂದ್ಲದ ಲೆಕ್ಕ ನಿಮಗ್ಯಾಕ್ರೀ? ವರ ಒಬ್ಬಾಂವ, ನೀವು ಹನ್ನೊಂದ ಮನಿ ನೋಡೀರಿ. ಹನ್ನೆರಡನೇದ್ದು ಅಜ್ಜಿ ಮನಿ ಅಂತ.”

“ವರ ಯಾರು?” ಎಂದರು ರಾಯರು.

“ಅದೂ ಗೊತ್ತಿಲ್ಲಂದ್ರ ಇನ್ನೂ ಕೆಟ್ಟ ಆತು,” ಎಂದು ಶಂಕ್ರೆಪ್ಪನವರು ಕಾಗದ ಕೊಟ್ಟು ಹೋದರು.

ಶನಿವಾರ ಬೆಳಿಗ್ಗೆ ಸತ್ಯ ತಾನಾಗಿ ಕಣ್ಣಿಗೆ ಬಿತ್ತು. ಗುಂಯ್ ಶುರುವಾದ ಕೂಡಲೇ ರಾಯರೂ ನಾನೂ ಕಿವಿಗೊಟ್ಟು ಮಹಡಿಯಲ್ಲಿ ಅಡ್ಡಾಡುತ್ತಿದ್ದೆವು. ಹಾಲಿನವನು ಬಂದು ಹೋಗಿದ್ದರಿಂದ ನಾಗವೇಣಿ ಅಮ್ಮನ ಬಾಗಿಲು ಗೇಣಗಲ ತೆರೆದಿತ್ತು. ಒಳಗೆ ಗಳದ ಮೇಲೆ ಮಡಿ ಸೀರೆ ನೇತಾಡುತ್ತಿತ್ತು. ಅದರೆದುರು ನಾಗವೇಣಿ ಅಮ್ಮ ಮಣೆಯ ಮೇಲೆ ನಿಂತು ಕೋಲು ಎತ್ತಿ ಹಿಡಿದಿದ್ದರು. ಕೋಲಿನ ತುದಿಗೆ ಬಾಳೆನಾರಿನಿಂದ ಬಿಗಿದ ಗುಲಾಬಿ ಬಣ್ಣದ ಹೇರ್ ಡ್ರೈಯರ್ ಗೊರ್ರೆನ್ನುತ್ತಿತ್ತು. ಮುಟ್ಟಿದರೆ ಮಡಿ ಕೆಡುತ್ತದೆ, ಆದ್ದರಿಂದ ಕೋಲು. ಪೂರ್ತಿ ಬಿಸಿ ಇಟ್ಟರೆ ಪಟ್ಟೆ ಸೀರೆ ಸುಡುತ್ತದೆ, ಆದ್ದರಿಂದ ಅರ್ಧ.

ನಾವು ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆ ಬಂದೆವು.

“ಸಿಕ್ಕಿತಲ್ಲ. ನಾಳೆ ಒಂದು ದಿನ ಬೇಡ ಅಂತ ಹೇಳಿ,” ಎಂದೆ.

ರಾಯರು ಮೊದಲು ತಮ್ಮ ಬಾಗಿಲು ಮುಚ್ಚಿದರು. “ಹೇಳಿದರೆ ನಾವು ನೋಡಿದ್ದು ಅವರಿಗೆ ಗೊತ್ತಾಗ್ತದೆ,” ಎಂದರು. “ಡೊಂಬಿವ್ಲಿಗೆ ಬಂದ ಹೊಸದರಲ್ಲಿ ಹಬ್ಬಕ್ಕೆ ಎಲೆ ಹಾಕಿ ಕರೆದವರು ಅವರೊಬ್ಬರೇ ಮಾರಾಯ. ಆ ಮುದುಕಿಗೆ ಇರುವುದು ಆ ಹೆಸರೊಂದು. ನೀನು ಯಾರಿಗೂ ಹೇಳಬಾರದು. ಆರೂವರೆಗೆ ಬರ್ತಾರೆ, ಏಳರೊಳಗೆ ಕೇಳಿಸಿ ಮುಗಿಸುವ.”

ಭಾನುವಾರ ಮಳೆಗೆ ಲೋಕಲ್ ಗಾಡಿ ತಡವಾಯಿತು. ಲಿಮಯೆ ಮತ್ತು ಅವರ ಇಬ್ಬರು ಜೊತೆಗಾರರು ಇಸ್ತ್ರಿಯ ಅಂಗಿ ತೊಟ್ಟು, ಡಿಸ್ಕಿನ ಚೀಲ ಹಿಡಿದು ಒಳಗೆ ಬಂದಾಗ ಏಳು ಗಂಟೆ ಎರಡು ನಿಮಿಷ. ರಾಯರು ಅವರನ್ನು ಕೂರಲೂ ಬಿಡದೆ ಯಂತ್ರದ ಕಡೆಗೆ ಎಳೆಯುವಷ್ಟರಲ್ಲಿ ಬಾಗಿಲಲ್ಲಿ ಉಮಾವತಿಯವರು ನಿಂತಿದ್ದರು. ಹಿಂದೆ ರೇಷ್ಮೆ ಸೀರೆಯಲ್ಲಿ ಅನುಷ್ಕಾ, ಭುಜದವರೆಗಿನ ಕೂದಲಿಗೆ ಸೊಂಟದವರೆಗಿನ ಮಲ್ಲಿಗೆ. ಹೇಗೂ ನೆಂಟರು ಬರುತ್ತಾರೆ, ಉಪ್ಪಿಟ್ಟು ಆಗಿಯೇ ಆಗುತ್ತದೆ, ಹೆಣ್ಣು ತೋರಿಸುವುದೂ ಅದರಲ್ಲೇ ಮುಗಿಯಲಿ ಎಂದು ಮುಕ್ತಕ್ಕ ಕರೆದಿದ್ದರು. ಐರೋಲಿಯಿಂದ ಸಂದೇಶನನ್ನೂ ತರಿಸಿ ಒಳಕೋಣೆಯಲ್ಲಿ ಕೂರಿಸಿದ್ದರು. ಶಂಕ್ರೆಪ್ಪನವರು ಸಾಕ್ಷಿಗೆಂದು ತಾವಾಗಿ ಬಂದಿದ್ದರು.

ಉಮಾವತಿಯವರು ಲಿಮಯೆಯವರ ಬಿಳಿ ಮೀಸೆ ನೋಡಿ ವರನ ಕಡೆಯ ಹಿರಿಯರೆಂದು ತಿಳಿದರು. ಮಗಳಿಂದ ಕಾಲಿಗೆ ನಮಸ್ಕಾರ ಮಾಡಿಸಿದರು. ಲಿಮಯೆಯವರು ಗಾಬರಿಯಾದರೂ ಆಶೀರ್ವಾದ ಮಾಡಿದರು. ಒಬ್ಬರಿಗೆ ಮಾಡಿ ಇನ್ನಿಬ್ಬರನ್ನು ಬಿಡಲಾಗುವುದಿಲ್ಲ. ಮೂರು ನಮಸ್ಕಾರ ಮುಗಿಯುವಾಗ ಏಳು ಒಂಬತ್ತು.

ಲಿಮಯೆಯವರು ಕೈ ಎತ್ತಿದರು. “ಶಾಂತತಾ.”

ಎಲ್ಲರೂ ಸುಮ್ಮನಾದರು. ಹೆಣ್ಣು ನೋಡುವಲ್ಲಿ ಮೌನ ನಮಗೆ ಹೊಸದಲ್ಲ. ಲಿಮಯೆಯವರು ಮಂಡಿಯೂರಿ ಸ್ಪೀಕರಿಗೆ ಕಿವಿಯಿಟ್ಟರು. ಇದು ಯಾವ ಗೋತ್ರದವರ ಶಾಸ್ತ್ರವೆಂದು ಉಮಾವತಿಯವರು ನನ್ನನ್ನು ಕಣ್ಣಲ್ಲೇ ಕೇಳಿದರು. ಸ್ಪೀಕರಿನಲ್ಲಿ ಏನೂ ಇರಲಿಲ್ಲ. ಲಿಮಯೆಯವರ ಹುಬ್ಬು ಮೆಲ್ಲನೆ ಮೇಲೇರಿತು. ಮೆಚ್ಚುಗೆ ಬರುತ್ತಾ ಇತ್ತು, ನಾನು ಕಣ್ಣಾರೆ ಕಂಡೆ. ಅವರು ಪೆಟ್ಟಿಗೆಯ ಕಡೆ ತಿರುಗಿದರು.

ಗುಂಯ್.

“ಡಬ್ಬಾ ಗುಣಗುಣತೋಯ್, ರಾವ್,” ಎಂದು ಎದ್ದು ಮಂಡಿ ಝಾಡಿಸಿಕೊಂಡರು. “ವೈಂಡಿಂಗ್ ಢಿಲ ಆಹೇ. ಘರಗುತೀ ಕಾಮ.” ಪೆಟ್ಟಿಗೆ ಗುಂಯ್‌ಗುಡುತ್ತಿದೆ, ತಂತಿಯ ಸುತ್ತು ಸಡಿಲ, ಮನೆಯಲ್ಲಿ ಮಾಡಿದ ಕೆಲಸ ಎಂದರು.

ಇಪ್ಪತ್ತೆಂಟು ವರ್ಷ ತಂತಿ ಸುತ್ತಿಸಿದವರಿಗೆ ಈ ಮಾತು. ರಾಯರ ಬಾಯಿ ತೆರೆಯಿತು. ಗೋಡೆಯ ಕಡೆ ಬೆರಳು ತೋರಿಸಿ ಒಂದೇ ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು. ಅವರ ಕೈ ಸ್ವಲ್ಪ ಮೇಲೆದ್ದದ್ದನ್ನೂ ನೋಡಿದೆ. ಆಮೇಲೆ ಆ ಕೈ ಕೆಳಗಿಳಿಯಿತು.

“ಹೋ,” ಎಂದರು. “ಚೂಕ ಮಾಝೀಚ್ ಆಹೇ.” ಹೌದು, ತಪ್ಪು ನನ್ನದೇ.

ನನಗೆ ಸಿಟ್ಟೂ ಬಂತು, ಅದಕ್ಕಿಂತ ಹೆಚ್ಚು ಹೆಮ್ಮೆಯೂ ಆಯಿತು. ಮಾತು ಕೊಟ್ಟಿದ್ದೆ, ಆದ್ದರಿಂದ ನಾಲಿಗೆ ಕಚ್ಚಿಕೊಂಡೆ. ಮುಕ್ತಕ್ಕ ಯಾರಿಗೂ ಮಾತು ಕೊಟ್ಟಿರಲಿಲ್ಲ. ಡ್ರೈಯರ್ ಯಾರದೆಂಬುದೇ ಅವರಿಗೆ ತಿಳಿದಿರಲಿಲ್ಲ.

“ನಿಮ್ಮದೆಂತ ತಪ್ಪು?” ಎಂದು ಅವರು ಅಡಿಗೆಮನೆಯಿಂದ ಸೌಟು ಹಿಡಿದೇ ಬಂದರು. “ಮೂರು ವರ್ಷ ಮಳೆ ಬಿಸಿಲು ನೋಡದೆ ಕೂತು ಮಾಡಿದ್ದಲ್ವಾ? ಯಾರೋ ಅರ್ಧ ಬಿಸಿಯಲ್ಲಿ ಡ್ರೈಯರ್ ಹಾಕಿದರೆ ಇದು ಗುಂಯ್ ಹೇಳ್ತದೆ ಅಂತ ನೀವೇ ಹೇಳಿದ್ದಲ್ವಾ? ಅದಕ್ಕೇ ಅಲ್ವಾ ಮನೆಮನೆ ತಿರುಗಿದ್ದು? ನಾನು ಅಷ್ಟು ದಿನ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಈಗ ಹಾಕಿಕೊಂಡಿದ್ದೇನೆ. ಈಗ ನನ್ನ ತಪ್ಪು ಅಂತ ಇವರ ಮುಂದೆ ತಲೆ ತಗ್ಗಿಸ್ತೀರಾ?”

ಮುಕ್ತಕ್ಕನ ದನಿಗೆ ಆಂಪ್ಲಿಫೈಯರ್ ಬೇಕಾಗಿಲ್ಲ, ಡೊಂಬಿವ್ಲಿಯ ಗೋಡೆಗಳೂ ದಪ್ಪವಲ್ಲ. ಉಮಾವತಿಯವರು ಎದ್ದು ನಿಂತರು.

“ಹಾಗಾದರೆ ನೀವು ಹೆಣ್ಣು ಕೇಳಿದ್ದಲ್ವಾ?”

“ಮಮ್ಮೀ, ಮೇರೇ ಪಾಸ್ ತೋ ಡ್ರೈಯರ್ ಹೈ ಹೀ ನಹೀಂ,” ತನ್ನ ಹತ್ತಿರ ಡ್ರೈಯರೇ ಇಲ್ಲವಲ್ಲ ಎಂದಳು ಅನುಷ್ಕಾ. ಒಳಕೋಣೆಯಿಂದ ಸಂದೇಶ ಜೋರಾಗಿ ನಕ್ಕದ್ದು ಕೇಳಿಸಿತು. ಅವಳೂ ನಕ್ಕಳು. ಅವರಿಬ್ಬರ ಮಾತುಕತೆ ಆಮೇಲೆ ವಾಶಿಯ ಮಾಲ್‌ವರೆಗೆ ಹೋಯಿತೆಂದು ಕೇಳಿದ್ದೇನೆ, ಅದು ಬೇರೆ.

ಅಷ್ಟರಲ್ಲಿ ಗುಂಯ್ ನಿಂತಿತು. ಹನ್ನೆರಡು ನಿಮಿಷ ಆಗಿರಲಿಲ್ಲ, ಆರೂ ಆಗಿರಲಿಲ್ಲ.

ಹೊಸ್ತಿಲಾಚೆ ನಾಗವೇಣಿ ಅಮ್ಮ ನಿಂತಿದ್ದರು. ಕೈಯಲ್ಲಿ ಕೋಲು, ಕೋಲಿನ ತುದಿಯಲ್ಲಿ ಗುಲಾಬಿ ಡ್ರೈಯರ್.

“ಯಾರೂ ಹತ್ತಿರ ಬರಬೇಡಿ,” ಎಂದರು. ಮತ್ತೆ ಲಿಮಯೆಯವರ ಕಡೆ ತಿರುಗಿ, ನಲವತ್ತೈದು ವರ್ಷ ತರಕಾರಿ ಕೊಂಡ ಮರಾಠಿಯಲ್ಲಿ, “ಚೂಕ ತ್ಯಾಚೀ ನಾಹೀ. ಮಾಝೀ,” ಎಂದರು. ತಪ್ಪು ಅವನದಲ್ಲ, ನನ್ನದು.

ರಾಯರು, “ಅಮ್ಮ, ನೀವು ಯಾಕೆ,” ಎಂದು ತೊದಲಿದರು.

“ನೀನು ಸುಮ್ಮನಿರು. ಐದು ಮಳೆಗಾಲದಿಂದ ಇದರಲ್ಲೇ ಒಣಗಿಸ್ತೇನೆ. ಮಗನಿಗೆ ಗೊತ್ತಿಲ್ಲ, ಭಟ್ಟರಿಗೆ ಗೊತ್ತಿಲ್ಲ, ಈ ಕಟ್ಟಡದಲ್ಲಿ ಒಂದು ನರಪಿಳ್ಳೆಗೆ ಗೊತ್ತಿಲ್ಲ. ಗೋಡೆಯ ಈಚೆ ಕೂತ ನಿನ್ನ ಪೆಟ್ಟಿಗೆಗೆ ಗೊತ್ತಾಯಿತು. ಅಂಥದ್ದು ಕಟ್ಟಿದವ ತಪ್ಪು ನನ್ನದು ಅಂತ ಹೇಳಿದರೆ ದೇವರು ಮೆಚ್ಚುತ್ತಾನಾ?”

ಯಾರೂ ನಗಲಿಲ್ಲ. ಶಂಕ್ರೆಪ್ಪನವರು ಟೋಪಿ ತೆಗೆದರು. ರೈಲ್ವೆಯಲ್ಲಿ ಸಿಗ್ನಲ್ ನೋಡಿದವರಾದ್ದರಿಂದ ಪರೀಕ್ಷೆಯ ಹೊಣೆಯನ್ನೂ ಅವರೇ ಹೊತ್ತರು. ಲಿಮಯೆಯವರಿಗೆ ಮರಾಠಿಯಲ್ಲಿ ಡ್ರೈಯರಿನ ವಿಷಯ ತಿಳಿಸಿ, ನಾಗವೇಣಿ ಅಮ್ಮನನ್ನು ಅವರ ಮನೆಯೊಳಗೆ ಕಳಿಸಿ, ಎರಡು ಬಾಗಿಲುಗಳ ನಡುವೆ ನಿಂತು “ಅರ್ಧ ಹಾಕ್ರಿ ಅಜ್ಜಿ” ಎಂದರು. ಪೆಟ್ಟಿಗೆ ಗುಂಯ್ ಎಂದಿತು. “ಪೂರ್ತಿ ಹಾಕ್ರಿ.” ಸುಮ್ಮನಾಯಿತು. “ಪೂರ್ತಿ ಬೇಡ, ಜರಿ ಹೋಗ್ತದೆ,” ಎಂದು ಒಳಗಿಂದ ಕೂಗು ಬಂತು. “ಬಂದ್ ಮಾಡ್ರಿ ಹಂಗಾರ.”

ಲಿಮಯೆಯವರು ಮತ್ತೆ ಮಂಡಿಯೂರಿದರು. ಮೊದಲು ಸ್ಪೀಕರ್, ಆಮೇಲೆ ಪೆಟ್ಟಿಗೆಯ ಮೇಲುಭಾಗ, ಆಮೇಲೆ ಹಿಂಬದಿ. ಅವರ ಇಬ್ಬರು ಜೊತೆಗಾರರೂ ಒಂದೊಂದು ಬದಿ ಹಿಡಿದು ಕೂತರು. ಎರಡು ನಿಮಿಷ ಕಳೆಯಿತು. ಲಿಮಯೆಯವರು ತಲೆಯೆತ್ತಿ ರಾಯರ ಮುಖ ನೋಡಿದರು. ಅವರ ದನಿ ತಗ್ಗಿತ್ತು.

“ರಾವ್, ಹಾ ಚಾಲೂ ಆಹೇ ನಾ?”

ಇದು ಚಾಲು ಇದೆ ತಾನೇ ಎಂದು ಕೇಳುತ್ತಿದ್ದರು. ರಾಯರು ಅವರ ಅಂಗೈ ಹಿಡಿದು ಕಪ್ಪು ರೆಕ್ಕೆಯ ಮೇಲೆ ಇಟ್ಟರು. ಲಿಮಯೆಯವರು ಕೈ ಹಿಂದೆಳೆದುಕೊಂಡು, ಕೆಂಪಾದ ಬೆರಳುಗಳನ್ನು ನೋಡಿ, ಅದೇ ಕೈಯನ್ನು ರಾಯರ ಹೆಗಲ ಮೇಲೆ ಹಾಕಿದರು. ಮುಕ್ತಕ್ಕ ಸೌಟಿನ ಕೈಯಲ್ಲೇ ಕಣ್ಣೊರೆಸಿಕೊಂಡರು. ನಾನು ಆ ದಿನ ಎಷ್ಟು ಉಬ್ಬಿದ್ದೆನೆಂದರೆ ಯಂತ್ರ ನಾನೇ ಕಟ್ಟಿದ್ದೇನೋ ಎಂದು ಜೊತೆಗಾರರಲ್ಲೊಬ್ಬರು ನನ್ನ ಕೈಯನ್ನೂ ಕುಲುಕಿದರು.

ಚೀಲದಿಂದ ಡಿಸ್ಕು ಹೊರಬಂತು. ಅದನ್ನು ಹಾಕಲು ಹೋದ ಲಿಮಯೆಯವರನ್ನು ರಾಯರು ತಡೆದರು.

“ಥಾಂಬಾ,” ನಿಲ್ಲಿ ಎಂದು ಮರಾಠಿಯಲ್ಲೇ ವಿವರಿಸಿದರು. “ಅಮ್ಮನ ಸೀರೆ ಇನ್ನೂ ಒದ್ದೆ. ಅದು ಒಣಗದೆ ಪೂಜೆ ಇಲ್ಲ, ಪೂಜೆ ಆಗದೆ ಅವರು ನೀರು ಮುಟ್ಟುವುದಿಲ್ಲ. ಹಾಡು ಆಮೇಲೆ.” ಹಾಗೆಂದು ಗೋಡೆಗೆ ಬಾಯಿ ಕೊಟ್ಟು, “ಅಮ್ಮ, ಹಾಕಿ. ಅರ್ಧದಲ್ಲೇ ಹಾಕಿ,” ಎಂದರು.

ಗೋಡೆಯಾಚೆ ಗೊರ್ ಎಂದಿತು, ಈಚೆ ಗುಂಯ್ ಎಂದಿತು. ಠಾಣೆಯ ಮಂಡಳಿ ಉಪ್ಪಿಟ್ಟಿನ ತಟ್ಟೆ ಹಿಡಿದು ಸಾಲಾಗಿ ಕುಳಿತು ಕಾಯಿತು. ರಾಯರು ತಮ್ಮ ಪೆಟ್ಟಿಗೆಯ ಪಕ್ಕದಲ್ಲಿ ಎದೆ ಸೆಟೆಸಿ ನಿಂತಿದ್ದರು. ಲಿಮಯೆಯವರು ಮಾತ್ರ ತಿನ್ನಲಿಲ್ಲ, ಪೆಟ್ಟಿಗೆಯ ಮೇಲೆ ಕಿವಿಯಿಟ್ಟು ಕಣ್ಣು ಮುಚ್ಚಿ ಕೂತಿದ್ದರು. ಎಂಟು ನಿಮಿಷವಾದ ಮೇಲೆ ಗುಂಯ್ ನಿಂತಿತು. ಅವರು ಕಣ್ಣು ತೆರೆದು, ಎಲ್ಲರ ಕಡೆಗೂ ಒಮ್ಮೆ ನೋಡಿ, ತೀರ್ಪು ಕೊಟ್ಟರು.

“ಸಾಡೀ ವಾಳಲೀ.”

ಸೀರೆ ಒಣಗಿತ್ತು.